ನಡೆಯುವ ಗಾಂಧಿಯನ್ನು ಕಂಚಿನಲ್ಲಿ ನಿಲ್ಲಿಸಿದ್ದು: ನನ್ನ ಅನುಭವ

ನಮ್ಮ ಊರುಗಳಲ್ಲಿ ನಾನು ಕಂಡ ಗಾಂಧಿ ಪ್ರತಿಮೆಗಳಲ್ಲಿ ಹೆಚ್ಚಿನವು ಬೆನ್ನು ಬಾಗಿ, ಕೋಲಿಗೆ ಜೋತುಬಿದ್ದು ನಿಂತಿವೆ. ಪ್ರತಿಮಾ ಸಮಿತಿಯ ಹಿರಿಯರು ದಂಡಿ ಯಾತ್ರೆಯ ಗಾಂಧಿಯೇ ಬೇಕೆಂದಾಗ, ‘ಹಾಗಾದರೆ ಬೆನ್ನು ಬಾಗಿಸುವುದಿಲ್ಲ ಸ್ವಾಮಿ’ ಎಂದು ಮೊದಲೇ ಹೇಳಿಬಿಟ್ಟೆ. 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ಹೊರಟಾಗ ಅವರಿಗೆ 60 ವರ್ಷ. ಸುಮಾರು 385 ಕಿಲೋಮೀಟರ್ ನಡೆದು ಏಪ್ರಿಲ್ 5ರಂದು ದಂಡಿ ಮುಟ್ಟಿದರು. ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನಂಥ ಎಳೆಯರು ಜೊತೆಗಿದ್ದ ತಂಡವದು. ಅದನ್ನು ಮುನ್ನಡೆಸಿದವರ ಕಾಲಿನಲ್ಲಿ ಬಿರುಸು ಕಾಣಲೇಬೇಕು.

ಆ ಕಾಲದ ಛಾಯಾಚಿತ್ರಗಳ ಜೊತೆಗೆ ನಂದಲಾಲ್ ಬೋಸ್ ಅದೇ ವರ್ಷ ಕೊರೆದ ಲಿನೋ ಅಚ್ಚಿನ ಚಿತ್ರವನ್ನೂ, ಚೆನ್ನೈ ಮರೀನಾದಲ್ಲಿ ದೇವಿಪ್ರಸಾದ್ ರಾಯ್ ಚೌಧರಿ ಮಾಡಿದ ಪ್ರತಿಮೆಯನ್ನೂ ಎದುರಿಗಿಟ್ಟುಕೊಂಡೆ. ಎರಡರಲ್ಲೂ ಮೈ ಮುಂದಕ್ಕೆ ನುಗ್ಗುತ್ತದೆ.

ಜೇಡಿಮಣ್ಣಿನಲ್ಲಿ ಮೊದಲು ತಿದ್ದಿದ್ದು ಮೀನಖಂಡವನ್ನು. ಸಣಕಲು ಕಾಲು ನಿಜ, ಆದರೆ ನಡೆದು ನಡೆದು ಹುರಿಗಟ್ಟಿದ ಕಾಲು. ಹೊದಿಕೆಯ ನೆರಿಗೆಗಳನ್ನು ದಪ್ಪವಾಗಿಯೇ ಬಿಟ್ಟೆ. ಖಾದಿ ರೇಷ್ಮೆಯಂತೆ ಜಾರುವುದಿಲ್ಲ. ನೆರಿಗೆಯ ಗುಳಿಗಳಲ್ಲಿ ಮಳೆನೀರು ನಿಲ್ಲದಂತೆ ಕೆಳಗಿನಿಂದ ಕಾಣದ ಕಡೆ ಸಣ್ಣ ತೂತುಗಳನ್ನು ಕೊರೆದೆ. ನೀರು ನಿಂತಲ್ಲಿ ಕಂಚಿಗೆ ಹಸಿರು ಕಿಲುಬು ಹತ್ತುತ್ತದೆ.

ಕಷ್ಟದ ಭಾಗ ಕನ್ನಡಕ. ಮುಖದ ಜೊತೆಯಲ್ಲೇ ಎರಕ ಹೊಯ್ದರೆ ಚೌಕಟ್ಟು ದಪ್ಪನಾಗಿ ಕಣ್ಣು ಮುಚ್ಚಿಹೋಗುತ್ತದೆ. ತೆಳುವಾದ ಕಂಚಿನ ಕಡ್ಡಿಯನ್ನು ಬಗ್ಗಿಸಿ ಬೇರೆಯಾಗಿ ಮಾಡಿ, ಮೂಗಿನ ಮೇಲೂ ಕಿವಿಗಳ ಹಿಂದೆಯೂ ಬೆಸೆದೆ. ಕಣ್ಣುಪಾಪೆಯನ್ನು ಗುಳಿಯಾಗಿ ತೋಡಿದ್ದರಿಂದ ಬಿಸಿಲಿನಲ್ಲಿ ಅಲ್ಲಿ ನೆರಳು ಕೂತು ನೋಟ ಬರುತ್ತದೆ. ಕನ್ನಡಕದೊಳಗೆ ಆ ನೋಟ ಮೂಡಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೇಣದ ಅಚ್ಚು, ಎರಕ ಎಲ್ಲವೂ ವಾಡಿಕೆಯಂತೆ ಭಾಗಭಾಗವಾಗಿ ನಡೆದವು. ಭಾರವೆಲ್ಲ ಮುಂದಿನ ಪಾದದ ಮೇಲೆ ಬೀಳುವುದರಿಂದ, ಆ ಕಾಲಿನೊಳಗೆ ಸ್ಟೀಲ್ ಸರಳು ಇಳಿಸಿ ಪೀಠದ ಕಾಂಕ್ರೀಟಿಗೆ ಕಚ್ಚಿಸಿದೆವು.

ಪೀಠ ಆಳೆತ್ತರಕ್ಕಿಂತ ಹೆಚ್ಚಿರಬೇಕೆಂಬ ಒತ್ತಾಯ ಬಂತು. ನಾನು ಒಪ್ಪಲಿಲ್ಲ. ಜನರ ನಡುವೆ ನಡೆದವರನ್ನು ಏಣಿ ಹತ್ತಿ ಮುಟ್ಟಬೇಕೇ? ಸೊಂಟದೆತ್ತರದ ಕಲ್ಲಿನ ಪೀಠಕ್ಕೆ ಕೊನೆಗೂ ಒಪ್ಪಿದರು. ಈಗ ಶಾಲೆಯ ಮಕ್ಕಳು ಅದರ ಅಂಚಿನಲ್ಲಿ ಕುಳಿತು ಬಸ್ಸಿಗೆ ಕಾಯುತ್ತಾರೆ.

ಪ್ರತಿಮೆ ಇಟ್ಟುಕೊಂಡವರಲ್ಲಿ ನನ್ನದೊಂದು ಬೇಡಿಕೆ: ಅಕ್ಟೋಬರ್ 2ರ ಮುನ್ನ ಬಂಗಾರದ ಬಣ್ಣ ಬಳಿಯಬೇಡಿ. ವರ್ಷವರ್ಷವೂ ಬಳಿದ ಬಣ್ಣ ರೆಪ್ಪೆ, ಸುಕ್ಕು, ನೆರಿಗೆಗಳನ್ನೆಲ್ಲ ತುಂಬಿಬಿಡುತ್ತದೆ. ಶುದ್ಧ ನೀರು ಮತ್ತು ಮೃದು ಬ್ರಷ್‌ನಿಂದ ತೊಳೆದು, ಚೆನ್ನಾಗಿ ಒಣಗಿಸಿ, ತೆಳುವಾಗಿ ಮೇಣ ಹಚ್ಚಿ ಹತ್ತಿಬಟ್ಟೆಯಿಂದ ಉಜ್ಜಿ. ಹಾರದ ತಂತಿ ಕಂಚನ್ನು ಗೀರುತ್ತದೆ, ಆದ್ದರಿಂದ ನೂಲಿನ ಹಾರವನ್ನೇ ಹಾಕಿ.