ಯುದ್ಧದ ಹೊತ್ತಲ್ಲಿ ನಾಯಕರ ಪಕ್ಕ ನಿಂತು ಕೆಲಸ ಮಾಡುವುದು ಹೇಗೆ

ತೀರ್ಥಹಳ್ಳಿಯ ನಮ್ಮ ಮನೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಮೊಮ್ಮಗಳಿಗೆ ಹೇಳಿದ್ದು ಇದು. ಅವಳಿಗೆ ದೆಹಲಿಯಲ್ಲಿ ನಾಯಕರೊಬ್ಬರ ಆಪ್ತ ಸಹಾಯಕಿಯ ಕೆಲಸ ಸಿಕ್ಕಿದೆ. ನಾನು ಸೇನೆಯಲ್ಲಿ ವರ್ಷಗಟ್ಟಲೆ ಸಂದೇಶ ಬರೆದುಕೊಂಡವನು.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದಾಗ ಇಂದಿರಾ ಗಾಂಧಿ ಕೋಲ್ಕತ್ತದಲ್ಲಿದ್ದರು. ಆ ರಾತ್ರಿಯೇ ದೆಹಲಿಗೆ ಮರಳಿದರು. ಅಂಥ ಹೊತ್ತಲ್ಲಿ ಒಂದು ಪದ ತಪ್ಪಿದರೂ ಕಷ್ಟ, ಅಲ್ವಾ?

ಫೋನಿನಲ್ಲಿ ಸಂದೇಶ ಬಂದರೆ ಚೀಟಿಯಲ್ಲಿ ಮೊದಲು ಗಂಟೆ, ನಿಮಿಷ ಬರಿ. ಆಮೇಲೆ ಹೇಳಿದವರ ಹೆಸರು. ಆಮೇಲೆ ಅವರ ಮಾತು, ಇದ್ದ ಹಾಗೇ. ಬರೆದದ್ದನ್ನು ಫೋನಿನಲ್ಲೇ ಅವರಿಗೆ ಮತ್ತೆ ಓದಿ ಹೇಳು. ನಿನ್ನ ಊಹೆ ಸೇರಿಸಬೇಡ ಪುಟ್ಟಿ.

ಕೆಟ್ಟ ಸುದ್ದಿಯನ್ನು ಊಟ ಮುಗಿಯಲಿ ಅಂತ ತಡೆಯಬೇಡ. ನಾಯಕರು ಊಟವನ್ನೇ ಬಿಟ್ಟಿದ್ದರೆ ಸುಮ್ನೆ ಒಂದು ಲೋಟ ಮಜ್ಜಿಗೆ ಫೈಲಿನ ಪಕ್ಕ ಇಡು.

ಮನೆಗೆ ಫೋನ್ ಮಾಡಿದಾಗ ಮಳೆ, ಅಡಿಕೆಯ ಕೊಳೆರೋಗದ ಬಗ್ಗೆ ಕೇಳು. ಕಚೇರಿಯ ಮಾತು ಅಮ್ಮನಿಗೂ ಬೇಡ.