ಮನೇಲಿ ಇಸ್ಪೀಟು ಎಲೆ ಹಾಕುವ ಮುನ್ನ: ದುಡ್ಡು, ಒಡವೆ, ಬಂದವರು ಎಲ್ಲ ಜೋಪಾನ

ದೀಪಾವಳಿ ಅಮಾವಾಸ್ಯೆಯ ರಾತ್ರಿ, ಯುಗಾದಿಯ ಮಾರನೆಯ ದಿನದ ಹೊಸತೊಡಕು. ಹಳೇ ಮೈಸೂರು ಸೀಮೆಯಲ್ಲಿ ಇಸ್ಪೀಟು ಕಟ್ಟು ಹೊರಗೆ ಬರುವ ದಿನಗಳಿವು. ಮಂಡ್ಯ, ಹಾಸನದ ಕಡೆ ಯುಗಾದಿಗೆ ಎಲೆ ಹಾಕದಿದ್ದರೆ ಹಬ್ಬ ಮಾಡಿದ ಹಾಗೇ ಅಲ್ಲ ಎನ್ನುವವರು ಈಗಲೂ ಸಿಗುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹಬ್ಬವೇ ಬೇಕಿಲ್ಲ, ಶನಿವಾರ ಬಂದರೆ ಸಾಕು. ರಮ್ಮಿ, ಮೂರೆಲೆ ಆಡುತ್ತಿದ್ದ ಜಾಗದಲ್ಲಿ ಈಗ ಪೋಕರ್ ಕೂತಿದೆ ಅಷ್ಟೆ.

ಕಳ್ಳ ಬೀಗ ಒಡೆದು ಬರುತ್ತಾನೆ ಅಂತ ನಾವು ಹೆದರುತ್ತೇವೆ. ಇಸ್ಪೀಟು ಇರುವ ರಾತ್ರಿ ಬಾಗಿಲು ತೆಗೆಯುವವರು ನಾವೇ. ಒಳಗೆ ಬರುವವರು ಯಾರು, ಬಂದವರ ಕಣ್ಣಿಗೆ ಏನೇನು ಬೀಳುತ್ತದೆ, ಇವೆರಡನ್ನು ಹಿಡಿತದಲ್ಲಿ ಇಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಕ್ಯಾಮೆರಾ, ಅಲಾರಂ ಎಲ್ಲ ಆಮೇಲಿನ ಮಾತು.

ಮೊದಲು ಕಾನೂನು

ಇದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಪೊಲೀಸರು ಬಂದರೆ ಸಿಕ್ಕಿಹಾಕಿಕೊಳ್ಳುವವರು ನಿಮ್ಮ ಅತಿಥಿಗಳೂ ಹೌದು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 79ನೇ ಸೆಕ್ಷನ್ ಜೂಜುಕಟ್ಟೆ ನಡೆಸುವವರಿಗೆ, 80ನೇ ಸೆಕ್ಷನ್ ಅಲ್ಲಿ ಆಡುತ್ತಾ ಸಿಕ್ಕವರಿಗೆ. ಮನೆಯವರು ಆಟದಿಂದ ಲಾಭ ಮಾಡಿಕೊಂಡರೆ ಮನೆಯೂ ಜೂಜುಕಟ್ಟೆ ಆಗಬಹುದು. ಪ್ರತಿ ಆಟಕ್ಕೆ ಐದು ರೂಪಾಯಿ 'ಕಟ್' ತೆಗೆದರೂ, ಟೇಬಲ್ ಬಾಡಿಗೆ ಅಂತ ಇಸಕೊಂಡರೂ ಅದು ಲಾಭವೇ.

ಯಾವ ಆಟ ಎನ್ನುವುದೂ ಮುಖ್ಯ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಅದೇ ತೀರ್ಪಿನಲ್ಲಿ ಮೂರೆಲೆ ಆಟವನ್ನು ಬರೀ ಅದೃಷ್ಟದ್ದು ಎಂದು ಬದಿಗಿಟ್ಟಿತು. ಪೋಕರ್ ವಿಷಯದಲ್ಲಿ ಕೋರ್ಟುಗಳು ಒಂದೇ ಮಾತು ಹೇಳಿಲ್ಲ. ಕೌಶಲದ ಆಟವಾಗಿ ಆಡುವುದಾದರೆ ಲೈಸೆನ್ಸ್ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಪೋಕರ್ ಜೂಜೇ ಎಂದು ಗುಜರಾತ್ ಹೈಕೋರ್ಟ್ 2017ರಲ್ಲಿ ಹೇಳಿತು. ಅಂದರ್ ಬಾಹರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ, ಅದರಲ್ಲಿ ಕೌಶಲ ಎಲ್ಲಿದೆ?

ನನ್ನನ್ನು ಕೇಳಿದರೆ ದುಡ್ಡಿಲ್ಲದೆ ಆಡುವುದು ಎಲ್ಲಕ್ಕಿಂತ ಸುಲಭ. ಸೋತವರು ಮಾರನೆಯ ದಿನ ಬೆಣ್ಣೆ ದೋಸೆ ಕೊಡಿಸಲಿ. ದುಡ್ಡು ಇಡಲೇಬೇಕು ಎನ್ನುವವರು ವಕೀಲರನ್ನು ಕೇಳಿಕೊಳ್ಳಿ. ಊಟದ ಖರ್ಚನ್ನು ಆಟದ ದುಡ್ಡಿನಿಂದ ತೆಗೆಯಬೇಡಿ, ಬೇರೆಯಾಗಿ ಹಂಚಿಕೊಳ್ಳಿ. ಫೋನಿನ ಆ್ಯಪಿನಲ್ಲಿ ದುಡ್ಡು ಕಟ್ಟಿ ಆಡೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ. 2025ರ ಆಗಸ್ಟಿನಲ್ಲಿ ಬಂದ ಕೇಂದ್ರ ಕಾನೂನು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ.

ಪಟ್ಟಿ ನಿಮ್ಮ ಕೈಯಲ್ಲಿರಲಿ

ಶುಕ್ರವಾರ ಸಂಜೆ ಮೆಸೇಜ್ ಬರುತ್ತದೆ: "ಗುರು, ನಾಳೆ ಒಂದು ಸೀಟ್ ಇದೆಯಾ? ನಮ್ ಆಫೀಸಿನವ್ನು ಒಬ್ಬ ಇದಾನೆ, ಸಖತ್ತಾಗಿ ಆಡ್ತಾನೆ." ಎಲ್ಲ ತೊಂದರೆಯ ಬೇರು ಇಲ್ಲಿದೆ. ಹೊಸಬರು ಬೇಡ ಅಂತಲ್ಲ. ಅವರು ಮೊದಲ ಸಲ ನಿಮ್ಮನ್ನು ನೋಡುವುದು ನಿಮ್ಮ ನಡುಮನೆಯಲ್ಲಿ ಆಗಬಾರದು. ಹೋಟೆಲಿನಲ್ಲಿ ಒಂದು ಕಾಫಿ ಕುಡಿಯಿರಿ. ಪೂರ್ತಿ ಹೆಸರು, ಕೆಲಸ, ಫೋನ್ ನಂಬರ್ ಗೊತ್ತಿರಲಿ. ಕರೆತಂದವನಿಗೆ ಸ್ಪಷ್ಟವಾಗಿ ಹೇಳಿ: "ನಿನ್ನ ಜೊತೆ ಬಂದವ್ರ ಜವಾಬ್ದಾರಿ ನಿಂದೇ, ಅವ್ರು ಹೋಗೋವರೆಗೂ ನೀನೂ ಇರ್ಬೇಕು." ಹೊಸಬರನ್ನು ಒಂದು ರಾತ್ರಿಗೆ ಒಬ್ಬರಂತೆ ಸೇರಿಸಿ.

ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮನೆ ವಿಳಾಸ, ಲೊಕೇಶನ್ ಹಾಕಬೇಡಿ. ಬರುವವರಿಗೆ ಬೇರೆಬೇರೆಯಾಗಿ ಕಳಿಸಿ. ಗ್ರೂಪಿನಲ್ಲಿ ಎರಡು ವರ್ಷದ ಹಿಂದೆ ಒಂದೇ ಸಲ ಬಂದು ಹೋದವರ ನಂಬರೂ ಇರುತ್ತದೆ, ಯಾರೂ ತೆಗೆದಿರುವುದಿಲ್ಲ. ಆಟ ನಡೆಯುವಾಗ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುವುದಂತೂ ಬೇಡವೇ ಬೇಡ. ಆ ಒಂದು ಫೋಟೊದಲ್ಲಿ ಟೇಬಲ್ ಮೇಲಿನ ದುಡ್ಡು, ಹಿಂದಿನ ಕಪಾಟು, ಎಲ್ಲರೂ ಎಲ್ಲಿದ್ದೀರಿ ಎನ್ನುವುದು, ಮೂರೂ ಬಂದುಬಿಡುತ್ತವೆ. ಅತಿಥಿಗಳ ಮನೆ ಆ ಹೊತ್ತಿಗೆ ಖಾಲಿ ಎನ್ನುವುದೂ ಗೊತ್ತಾಗುತ್ತದೆ.

ಟೇಬಲ್ ಮೇಲೆ ನೋಟು ಬೇಡ

ಚಿಪ್ (ದುಡ್ಡಿನ ಬದಲು ಲೆಕ್ಕಕ್ಕೆ ಇಡುವ ಬಿಲ್ಲೆ) ಬಳಸಿ. ಚಿಪ್ ಇಲ್ಲದಿದ್ದರೆ ಬೇರೆಬೇರೆ ಬಣ್ಣದ ಗುಂಡಿ, ಕವಡೆ ಏನಾದರೂ ಆದೀತು. ಕದ್ದರೂ ಅದಕ್ಕೆ ಬೆಲೆಯಿಲ್ಲ, ಅಷ್ಟೇ ಬೇಕಾಗಿರುವುದು. ಒಬ್ಬರು ಲೆಕ್ಕ ಹಿಡಿಯಲಿ. ಒಂದು ನೋಟ್‌ಬುಕ್ಕಿನಲ್ಲಿ ಯಾರಿಗೆ ಎಷ್ಟು ಕೊಟ್ಟಿದ್ದು ಅಂತ ಅವರ ಎದುರೇ ಬರೆಯಲಿ.

ಏಳು ಜನ ತಲಾ 500ರ ಚಿಪ್ ತೆಗೆದುಕೊಂಡರು ಅನ್ನಿ. ಒಟ್ಟು 3,500. ಮಧ್ಯದಲ್ಲಿ ಇಬ್ಬರು ಇನ್ನೊಂದು 500 ತೆಗೆದುಕೊಂಡರು, 4,500 ಆಯಿತು. ಕೊನೆಗೆ ಎಲ್ಲರ ಚಿಪ್ ಕೂಡಿದರೆ 4,500 ಬರಬೇಕು. 4,460 ಬಂದರೆ ಮೊದಲು ಸೋಫಾ ಕೆಳಗೆ ಟಾರ್ಚ್ ಬಿಡಿ, ದಿಂಬಿನ ಸಂದಿ ನೋಡಿ. 4,560 ಬಂದರೆ ಲೆಕ್ಕ ಬರೆದವರು ಏನೋ ಬಿಟ್ಟಿದ್ದಾರೆ, ಇಲ್ಲ ಯಾರೋ ಹೊರಗಿನಿಂದ ಚಿಪ್ ತಂದಿದ್ದಾರೆ. ಅಂಗಡಿಯಲ್ಲಿ ಸಿಗುವ ಸಾದಾ ಚಿಪ್ಪುಗಳೆಲ್ಲ ಒಂದೇ ಥರ ಇರುತ್ತವೆ, ಅದಕ್ಕೆ ನಿಮ್ಮವುಗಳ ಅಂಚಿನಲ್ಲಿ ಪರ್ಮನೆಂಟ್ ಮಾರ್ಕರಿನಿಂದ ಒಂದು ಚುಕ್ಕೆ ಇಟ್ಟುಕೊಳ್ಳಿ.

ದುಡ್ಡಿನ ಲೆಕ್ಕ ಯುಪಿಐನಲ್ಲಿ ಚುಕ್ತಾ ಮಾಡುವುದಾದರೆ ಸ್ಕ್ರೀನ್‌ಶಾಟ್ ತೋರಿಸಿದರು ಅಂತ ನಂಬಬೇಡಿ. ನಿಮ್ಮ ಖಾತೆಗೆ ಬಂದಿದೆಯಾ ನೋಡಿ. ದುಡ್ಡು ಬರಲು ಪಿನ್ ಒತ್ತಬೇಕಿಲ್ಲ. ಯಾರಾದರೂ ಒತ್ತಿ ಅಂದರೆ ಅಲ್ಲಿಗೆ ನಿಲ್ಲಿಸಿ. ಹಾಗೇನಾದರೂ ಮೋಸ ಆದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮನೆಯನ್ನು ಅತಿಥಿಯ ಕಣ್ಣಿನಿಂದ ನೋಡಿ

ಆಟಕ್ಕೆ ಒಂದು ಗಂಟೆ ಮೊದಲು ಬಾಗಿಲ ಹೊರಗೆ ಹೋಗಿ ನಿಲ್ಲಿ. ಅಲ್ಲಿಂದ ಒಳಗೆ ಬನ್ನಿ, ಕೂರುವ ಜಾಗಕ್ಕೆ ಹೋಗಿ, ಬಾತ್‌ರೂಮಿಗೆ ಹೋಗಿ ಬನ್ನಿ. ದಾರಿಯಲ್ಲಿ ಕಂಡದ್ದೆಲ್ಲ ಬಂದವರಿಗೂ ಕಾಣುತ್ತದೆ.

ಶುರುವಾಗುವುದು ಚಪ್ಪಲಿ ಸ್ಟ್ಯಾಂಡಿನಿಂದ. ಕೆಲಸದವರಿಗೆ ಅಂತ ಬೀಗದ ಕೈಯನ್ನು ಹಳೇ ಶೂ ಒಳಗೋ ಹೂಕುಂಡದ ಕೆಳಗೋ ಇಡುವ ಅಭ್ಯಾಸ ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ? ಆ ರಾತ್ರಿ ಏಳೆಂಟು ಜನ ಅದೇ ಜಾಗದಲ್ಲಿ ಬಗ್ಗಿ ಚಪ್ಪಲಿ ಬಿಡುತ್ತಾರೆ, ಹುಡುಕುತ್ತಾರೆ. ಬೀಗದ ಕೈ ಒಳಗೆ ಬರಲಿ. ಅತಿಥಿಗಳ ಶೂಗಳೂ ಒಳಗೇ ಇರಲಿ. ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ದುಬಾರಿ ಶೂ ಬಿಟ್ಟರೆ ಬೆಳಗ್ಗೆ ಇರುತ್ತದೆ ಅನ್ನುವ ಗ್ಯಾರಂಟಿ ಯಾರೂ ಕೊಡುವುದಿಲ್ಲ.

ಆಮೇಲೆ ದೇವರ ಮನೆ. ದೀಪಾವಳಿಯಲ್ಲಿ ಇದು ಎಲ್ಲಕ್ಕಿಂತ ಸೂಕ್ಷ್ಮ. ಲಕ್ಷ್ಮೀ ಪೂಜೆಗೆ ಅಂತ ಲಾಕರಿನಿಂದ ತಂದ ಒಡವೆ ಕಲಶದ ಮೇಲಿರುತ್ತದೆ, ತಟ್ಟೆಯಲ್ಲಿ ನೋಟಿನ ಕಟ್ಟು ಇರುತ್ತದೆ, ಬೆಳ್ಳಿ ದೀಪ, ಕುಂಕುಮದ ಬಟ್ಟಲು, ಚೊಂಬು ಎಲ್ಲ ಥಳಥಳ ಹೊಳೆಯುತ್ತಿರುತ್ತವೆ. ಕಲಶ ಕದಲಿಸುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ ಅಂತ ಅಮ್ಮ ಹೇಳಿರುತ್ತಾರೆ. ಹಾಗಿದ್ದರೆ ಆ ರಾತ್ರಿ ಆಟ ಇಟ್ಟುಕೊಳ್ಳಬೇಡಿ, ಪಾಡ್ಯದ ರಾತ್ರಿಗೆ ಹಾಕಿಕೊಳ್ಳಿ. ಇಲ್ಲವೇ ದೇವರ ಮನೆಗೆ ಬಾಗಿಲಿದ್ದರೆ ಬೀಗ ಹಾಕಿ. ಆದರೆ ಒಳಗೆ ದೀಪ ಉರಿಯುತ್ತಿರುವಾಗ ಬೀಗ ಹಾಕಿ ಆಟಕ್ಕೆ ಕೂತುಬಿಡುವುದು ಇನ್ನೊಂದು ಅಪಾಯ.

ಮಿಕ್ಕದ್ದು ಬೇಗ ಮುಗಿಯುತ್ತದೆ. ಬಾತ್‌ರೂಮಿನ ಸಿಂಕಿನ ಮೇಲೆ ಬಿಚ್ಚಿಟ್ಟ ಉಂಗುರ, ವಾಚು, ಕನ್ನಡಿ ಹಿಂದಿನ ಮಾತ್ರೆಗಳು, ಲ್ಯಾಪ್‌ಟಾಪ್, ಗಾಡಿಯ ಎರಡನೇ ಕೀ, ಚೆಕ್ ಬುಕ್ಕು. ಎಲ್ಲ ಒಂದು ರೂಮಿಗೆ ಹೋಗಲಿ, ಆ ರೂಮಿಗೆ ಬೀಗ ಬೀಳಲಿ. "ಆ ರೂಮಲ್ಲಿ ಅತ್ತೆ ಮಲಗಿದಾರೆ" ಅಂದರೆ ಯಾರಿಗೂ ಬೇಜಾರಾಗುವುದಿಲ್ಲ. ಬೀರುವಿನ ಕೀಯನ್ನು ಬೀರುವಿನ ಮೇಲೆಯೇ ಇಡುವವರಿದ್ದಾರೆ. ಅದಕ್ಕೆ ಬೀಗ ಯಾಕೆ ಬೇಕು?

ಒಡವೆಗಳ ಫೋಟೊ ತೆಗೆದಿಡಿ. ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಆ ಒಡವೆಯದೇ ಗುರುತಿನ ಸಂಖ್ಯೆ) ಇರುತ್ತದೆ, 2023ರ ಏಪ್ರಿಲ್‌ನಿಂದ ಅದು ಕಡ್ಡಾಯ. ಆ ಸಂಖ್ಯೆ ಕಣ್ಣಿಗೆ ಕಾಣದಷ್ಟು ಸಣ್ಣದು. ಬಿಲ್ಲಿನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಭೂತಗನ್ನಡಿ ಹಿಡಿದು ಬರೆದುಕೊಳ್ಳಿ. ಒಡವೆ ಕಳೆದರೆ ದೂರಿನಲ್ಲಿ 'ಒಂದು ಬಂಗಾರದ ಸರ' ಅಂತ ಬರೆಯುವುದಕ್ಕೂ ಆ ಸಂಖ್ಯೆ ಬರೆಯುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಬಾಗಿಲು

ಬಾಗಿಲು ತೆಗೆಯುವ ಕೆಲಸ ಒಬ್ಬರದ್ದೇ ಆಗಲಿ. ಹತ್ತಿರ ಕೂತವರು ಎದ್ದು ತೆಗೆಯುವುದು ಬೇಡ. ಇಣುಕುಗಿಂಡಿಯಲ್ಲಿ ನೋಡಿ, ಗ್ರಿಲ್ ಬಾಗಿಲು ಹಾಕಿಕೊಂಡೇ ಮಾತಾಡಿ. ಗೇಟಿನ ಆ್ಯಪ್ ಇದ್ದರೆ ಅತಿಥಿಗಳ ಹೆಸರು ಒಂದೊಂದಾಗಿ ಹಾಕಿ, ಎಲ್ಲರಿಗೂ ಒಂದೇ ಕೋಡ್ ಹಂಚಬೇಡಿ. ಬಿರಿಯಾನಿ ತಂದ ಹುಡುಗನನ್ನು ನಡುಮನೆವರೆಗೆ ಬಿಟ್ಟುಕೊಳ್ಳುವ ಬದಲು ನೀವೇ ಕೆಳಗಿಳಿದು ತನ್ನಿ. ಅವನ ಮೇಲೆ ಅನುಮಾನ ಅಂತಲ್ಲ, ಬಾಗಿಲು ಪದೇಪದೇ ತೆರೆಯಬಾರದು ಅಂತ.

ಗ್ರಿಲ್ಲಿಗೆ ಒಳಗಿನಿಂದ ಬೀಗ ಜಡಿದು ಕೀಯನ್ನು ಎಲ್ಲೋ ಇಟ್ಟು ಮರೆಯುವುದು ಮಾತ್ರ ಕಳ್ಳನಿಗಿಂತ ದೊಡ್ಡ ಅಪಾಯ. ಒಂಬತ್ತು ಜನ ಒಳಗಿದ್ದಾರೆ, ಅಡುಗೆಮನೆಯಲ್ಲಿ ಬೋಂಡಾ ಎಣ್ಣೆ ಕಾಯುತ್ತಿದೆ, ಹೊರಗೆ ಪಟಾಕಿ. ಕೀ ಒಳಗಡೆ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡಲಿ. ಹೊರಗಿನಿಂದ ಕೈ ಹಾಕಿದರೆ ಸಿಗಬಾರದು, ಒಳಗಿನವರಿಗೆ ಕತ್ತಲಲ್ಲೂ ಸಿಗಬೇಕು. ಬಂದವರೆಲ್ಲರಿಗೂ ತೋರಿಸಿಬಿಡಿ.

ಬಂದವರ ಸುರಕ್ಷತೆ

ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಕರೆಯುವಾಗಲೇ ಹೇಳಿ. 'ಕೊನೇ ಆಟ' ಎನ್ನುವ ಮಾತಿಗೆ ಕೊನೆಯೇ ಇಲ್ಲ, ಗೊತ್ತಲ್ವಾ? ಹನ್ನೊಂದೂವರೆ ಅಂದರೆ ಹನ್ನೊಂದೂವರೆ. ಹನ್ನೊಂದು ಗಂಟೆಗೆ ಅಲಾರಂ ಇಡಿ.

ಕುಡಿಯುವವರು ಇದ್ದರೆ ಬರುವಾಗಲೇ ಗಾಡಿ ಕೀ ಇಸಕೊಂಡು ಡಬ್ಬಿಗೆ ಹಾಕಿ. ಕುಡಿದ ಮೇಲೆ ಕೇಳಿದರೆ ಜಗಳ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ಕ್ಯಾಬ್ ಹಿಡಿದು ಹೋಗಲಿ, ಇಲ್ಲ ಚಾಪೆ ಹಾಕಿಕೊಡಿ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ಇದ್ದರೆ ಅವರು ಗಾಡಿ ಹತ್ತುವವರೆಗೆ ಯಾರಾದರೂ ಕೆಳಗೆ ನಿಂತಿರಲಿ. ಗೆದ್ದವರು ತಮ್ಮ ಗೆಲುವನ್ನು ಲಿಫ್ಟಿನಲ್ಲಿ, ಪಾರ್ಕಿಂಗಿನಲ್ಲಿ ಜೋರಾಗಿ ಹೇಳಿಕೊಳ್ಳುವುದು ಬೇಡ.

ಆಟದಲ್ಲಿ ಕೈಸಾಲ ಬಿಡಬೇಡಿ. ಇದೊಂದು ನಿಯಮ ಎಷ್ಟೋ ಗೆಳೆತನ ಉಳಿಸುತ್ತದೆ. ಒಂದು ಸಲ ಚಿಪ್ ತೆಗೆದುಕೊಂಡು ಸೋತರೆ ಇನ್ನೊಂದೇ ಸಲ, ಆಮೇಲೆ ನೋಡಿಕೊಂಡು ಕೂರಲಿ. ಯಾರಾದರೂ ಪ್ರತಿ ಸಲವೂ ಸೋತದ್ದನ್ನು ವಾಪಸ್ ಪಡೆಯಲು ಒದ್ದಾಡುತ್ತಿದ್ದರೆ, ಎಲ್ಲರ ಎದುರು ಹೇಳದೆ ಬಾಲ್ಕನಿಗೆ ಕರೆದು ಕೇಳಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅಂಥವರನ್ನು ಮುಂದಿನ ಸಲ ಊಟಕ್ಕೆ ಮಾತ್ರ ಕರೆಯಿರಿ.

ಅಕಸ್ಮಾತ್ ಯಾರಾದರೂ ನುಗ್ಗಿದರೆ

ಎದುರು ನಿಲ್ಲಬೇಡಿ. ಕೇಳಿದ್ದನ್ನು ಕೊಟ್ಟು ಕಳಿಸಿ. ಟೇಬಲ್ ಮೇಲೆ ಚಿಪ್ ಮಾತ್ರ ಇದ್ದರೆ ಕೊಡುವುದೂ ಕಡಿಮೆಯೇ. ಸಿನಿಮಾ ಧೈರ್ಯ ತೋರಿಸುವ ಗೆಳೆಯ ಇದ್ದರೆ ಅವನ ಕೈ ಹಿಡಿದು ಕೂರಿಸಿ. ಅವರು ಹೊರಗೆ ಹೋದ ಕೂಡಲೇ ಬಾಗಿಲು ಹಾಕಿ 112ಕ್ಕೆ ಫೋನ್ ಮಾಡಿ. ಪೆಟ್ಟು ಬಿದ್ದವರಿದ್ದರೆ ಆಂಬುಲೆನ್ಸಿಗೆ 108. ಅವರು ಮುಟ್ಟಿದ್ದನ್ನು ನೀವು ಮುಟ್ಟಬೇಡಿ, ಲೋಟ ತೊಳೆಯಬೇಡಿ. ನೋಡಿದ್ದನ್ನು ಎಲ್ಲರೂ ಸೇರಿ ಚರ್ಚೆ ಮಾಡುವ ಮೊದಲು ಒಬ್ಬೊಬ್ಬರು ತಮ್ಮಷ್ಟಕ್ಕೆ ಬರೆದಿಡಲಿ. ಮಾತಾಡುತ್ತಾ ಹೋದರೆ ಒಬ್ಬರು ಕಂಡ ನೀಲಿ ಶರ್ಟು ಎಲ್ಲರಿಗೂ ನೀಲಿಯಾಗಿಬಿಡುತ್ತದೆ.

ಮಾರನೆಯ ಬೆಳಗ್ಗೆ

ಏನಾದರೂ ಕಾಣದಿದ್ದರೆ ಗ್ರೂಪಿನಲ್ಲಿ "ನನ್ನ ವಾಚ್ ಯಾರು ತಗೊಂಡಿದ್ದು" ಅಂತ ಹಾಕಬೇಡಿ. ಮೊದಲು ಮನೆಯವರನ್ನು ಕೇಳಿ. ನೀವು ಬೀಗ ಹಾಕಿದ ರೂಮಿಗೇ ಯಾರೋ ತೆಗೆದಿಟ್ಟಿರುವ ಸಾಧ್ಯತೆಯೇ ಹೆಚ್ಚು. ಸಿಗದಿದ್ದರೆ ಒಬ್ಬೊಬ್ಬರಿಗೂ ಫೋನ್ ಮಾಡಿ, "ನಿಮ್ ಬ್ಯಾಗಲ್ಲಿ ಅಕಸ್ಮಾತ್ ಸೇರ್ಕೊಂಡಿದ್ಯಾ ನೋಡ್ತೀರಾ?" ಅಂತ ಎಲ್ಲರಿಗೂ ಒಂದೇ ಮಾತು ಕೇಳಿ. ಬೆಲೆಬಾಳುವ ವಸ್ತು, ಸಂಜೆಯವರೆಗೂ ಸುಳಿವಿಲ್ಲ ಅಂದರೆ ಠಾಣೆಗೆ ಹೋಗಿ ದೂರು ಕೊಡಿ. ಗೆಳೆಯರ ಮುಖ ನೋಡಿಕೊಂಡು ವಾರ ಬಿಟ್ಟು ಹೋದರೆ ಉಪಯೋಗ ಕಡಿಮೆ.

ಹಬ್ಬಕ್ಕೆ ತಂದ ಒಡವೆಯನ್ನು ಬ್ಯಾಂಕ್ ತೆರೆದ ದಿನವೇ ಲಾಕರಿಗೆ ವಾಪಸ್ ಹಾಕಿ. ಅಲ್ಲೂ ಒಂದು ಲೆಕ್ಕ ಇದೆ. ಲಾಕರ್ ಕಳ್ಳತನವಾದರೆ, ಬೆಂಕಿ ಬಿದ್ದರೆ, ಸಿಬ್ಬಂದಿ ಮೋಸ ಮಾಡಿದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿಗೆ ನಿಲ್ಲುತ್ತದೆ, 2022ರ ಜನವರಿಯಿಂದ ಆರ್‌ಬಿಐ ನಿಯಮ ಹೀಗಿದೆ. ವರ್ಷಕ್ಕೆ 3,000 ರೂಪಾಯಿ ಕಟ್ಟುವವರಿಗೆ ಹೆಚ್ಚೆಂದರೆ 3 ಲಕ್ಷ. ಒಳಗಿರುವ ಬಂಗಾರ ಅದಕ್ಕಿಂತ ಜಾಸ್ತಿ ಇದ್ದರೆ ಒಡವೆಗೆ ಬೇರೆಯಾಗಿ ವಿಮೆ ಮಾಡಿಸಿ.