‘ತಮ್ಮನ್ನ ಕರ್ಕೊಂಡು ಹೋಗ್ಯಾರ್ರೀ’: ಮುಂದೇನು ಮಾಡಬೇಕು?

ಗದ್ದೆಯ ಪಂಪ್‌ಸೆಟ್ ಮೋಟರ್ ಕಳುವಾಗಿದೆ. ಗಂಗಾವತಿ ಕಡೆಯ ಹಳ್ಳಿಯ ಹುಡುಗನೊಬ್ಬನನ್ನು ಸಂಜೆ ಪೊಲೀಸರು ಜೀಪಿನಲ್ಲಿ ಕೂರಿಸಿಕೊಂಡು ಹೋಗಿದ್ದಾರೆ. ರಾತ್ರಿ ಅವನ ಅಣ್ಣನ ಫೋನ್: “ವಕೀಲ್ ಸಾಹೇಬ್ರ, ಬೇಲ್ ಯಾವಾಗ ಸಿಗ್ತದ್ರೀ?”

ಬೇಲ್ ಆಮೇಲಿನ ಮಾತು. ನಾನು ಕೇಳುವುದು ಬೇರೆ. “ಎಷ್ಟು ಗಂಟೇಕ ಕರ್ಕೊಂಡು ಹೋದ್ರಪಾ?”

ಮೊದಲು ಹೊತ್ತು ಬರೆದಿಡಿ

ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ದಾರಿಯ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಇದು ಸಂವಿಧಾನದ 22ನೇ ವಿಧಿ. ಸೋಮವಾರ ಸಂಜೆ ಕರೆದೊಯ್ದು, ಬುಧವಾರ ಬೆಳಿಗ್ಗೆ ಬಂಧಿಸಿದೆವು ಅಂತ ಕಾಗದದಲ್ಲಿ ಬರೆದರೆ? ನಡುವಿನ ಒಂದೂವರೆ ದಿನ ಮಾಯ. ಅದಕ್ಕೇ ಕರೆದೊಯ್ದ ಗಂಟೆ, ಜೀಪಿನ ನಂಬರ್, ನೋಡಿದವರ ಹೆಸರನ್ನು ಚೀಟಿಯಲ್ಲಿ ಬರೆದು ವಕೀಲರಿಗೆ ಕೊಡಿ. ಅವರು ಅದನ್ನು ಹಿಡಿದೇ ಮ್ಯಾಜಿಸ್ಟ್ರೇಟ್ ಮುಂದೆ ಮಾತಾಡುತ್ತಾರೆ.

ಠಾಣೆಯಲ್ಲಿ ಕೇಳಬೇಕಾದದ್ದು

ಯಾಕೆ ಬಂಧಿಸಿದ್ದೀರಿ ಅನ್ನುವುದನ್ನು ಬರಹದಲ್ಲಿ ಕೇಳಿ. ಆರೋಪಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಬಂಧನದ ಸುದ್ದಿಯನ್ನು ಮನೆಯವರಿಗೋ ಆಪ್ತರಿಗೋ ಮುಟ್ಟಿಸುವುದೂ ಪೊಲೀಸರ ಕೆಲಸವೇ. ವಿಚಾರಣೆಯ ನಡುವೆ ವಕೀಲರು ಆರೋಪಿಯನ್ನು ಭೇಟಿಯಾಗಬಹುದು. ಉದ್ದಕ್ಕೂ ಪಕ್ಕದಲ್ಲಿ ಕೂರುವ ಹಕ್ಕಿಲ್ಲ, ಅಷ್ಟೆ.

“ಒಪ್ಗೊಂಡುಬಿಟ್ಟಾನಂತ್ರೀ, ಮುಗೀತಲ್ರೀ?” ಅಂತ ಅಳುತ್ತಾ ಬರುವವರು ಜಾಸ್ತಿ. ಏನೂ ಮುಗಿದಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಆದರೆ ಅವನ ಮಾತಿನಿಂದ ಕಳುವಾದ ಮಾಲು ಸಿಕ್ಕರೆ, ಆ ಮಾಲಿಗೆ ತಾಕುವಷ್ಟು ಮಾತು ಸಾಕ್ಷ್ಯವಾಗುತ್ತದೆ. ಕೇಸಿನ ಜಗಳ ಶುರುವಾಗುವುದೇ ಅಲ್ಲಿಂದ.

ಕೈಯಲ್ಲಿ ದುಡ್ಡಿಲ್ಲವೇ?

ಸಾಲ ಮಾಡುವ ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ. ಪುಕ್ಕಟೆ ವಕೀಲರು ಸರಿಯಾಗಿ ನಡೆಸುವುದಿಲ್ಲ ಅನ್ನುವ ಮಾತಿದೆ. ಕೆಲವರು ಹಾಗೆಯೇ, ಸುಳ್ಳು ಯಾಕೆ ಹೇಳಲಿ. ಫೀಸು ತಗೊಂಡು ವಾಯಿದೆಗೆ ಬಾರದವರೂ ಇದ್ದಾರೆ, ಅಲ್ವಾ?

ರಿಮಾಂಡ್ ಮತ್ತು ಜಾಮೀನು

ಹೊಡೆದಿದ್ದರೆ ಮೊದಲ ಹಾಜರಿಯಲ್ಲೇ ಮ್ಯಾಜಿಸ್ಟ್ರೇಟರಿಗೆ ಹೇಳಬೇಕು. ಗಾಯ ಮಾಸಿದ ಮೇಲೆ ನಂಬಿಸುವುದು ಕಷ್ಟ. ಜಾಮೀನುದಾರರ ಪಹಣಿ, ಆಧಾರ್ ಮೊದಲೇ ತಂದಿಟ್ಟುಕೊಳ್ಳಿ. ಆದೇಶ ಆದಮೇಲೂ ಪಹಣಿ ಇಲ್ಲದೆ ಜೈಲಲ್ಲೇ ಉಳಿದವರನ್ನು ಕಂಡಿದ್ದೇನೆ.

ಇನ್ನೊಂದು ಲೆಕ್ಕವಿದೆ. ಕಳ್ಳತನದಂಥ ಕೇಸಿನಲ್ಲಿ ರಿಮಾಂಡ್ ಆದಂದಿನಿಂದ, ಅಂದರೆ ಮ್ಯಾಜಿಸ್ಟ್ರೇಟ್ ಕಸ್ಟಡಿಗೆ ಕಳಿಸಿದ ದಿನದಿಂದ, 60 ದಿನದೊಳಗೆ ಪೊಲೀಸರ ಚಾರ್ಜ್‌ಶೀಟ್ (ಆರೋಪಪಟ್ಟಿ) ಬರದಿದ್ದರೆ ಜಾಮೀನು ಹಕ್ಕಾಗುತ್ತದೆ. ದೊಡ್ಡ ಅಪರಾಧಗಳಿಗೆ 90. ಆದರೆ ಅರ್ಜಿ ಹಾಕಲೇಬೇಕು. 61ನೇ ದಿನ ವಕೀಲರು ಮೈಮರೆತು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂತೋ, ಆ ಹಕ್ಕು ಹೋಯಿತು. ಮನೆಯವರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಜಿಲ್ಲಾ ಕೋರ್ಟಿನಲ್ಲೂ ಜಾಮೀನು ಸಿಗದಿದ್ದರೆ ಹೈಕೋರ್ಟು. ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ. ಕೊಪ್ಪಳ ಜಿಲ್ಲೆಯ ಗಂಗಾವತಿ, ರಾಯಚೂರು ಜಿಲ್ಲೆಯ ಸಿಂಧನೂರು ನೆರೆಹೊರೆಯ ಊರುಗಳೇ, ಆದರೆ ಹತ್ತುವ ಬಸ್ಸು ಬೇರೆ ಬೇರೆ.

ತುಡುಗರ ಪರ ಯಾಕೆ?

“ತುಡುಗರ ಪರ ನಿಲ್ತೀರಲ್ರೀ, ಮನಸ್ಸು ಹೆಂಗ ಬರ್ತದ?” ಮದುವೆ ಪಂಕ್ತಿಯಲ್ಲೂ ಕೇಳುತ್ತಾರೆ. ತುಡುಗ ಹೌದೋ ಅಲ್ಲವೋ ಅನ್ನುವುದೇ ಇನ್ನೂ ತೀರ್ಮಾನ ಆಗಿಲ್ಲವಲ್ಲ. ಇಂಥವರ ವಕಾಲತ್ತು ವಹಿಸಬೇಡಿ ಅಂತ ವಕೀಲರ ಸಂಘಗಳು ನಿರ್ಣಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮುಂಬೈ ದಾಳಿಯ ಕಸಬ್‌ಗೂ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ಕೊಟ್ಟಿದ್ದರು. ಹಾಗಿರುವಾಗ ಮೋಟರ್ ಕದ್ದ ಅನ್ನುವ ಹುಡುಗನಿಗೆ ಬೇಡವೇ?

ಪಾಟೀ ಸವಾಲು

ಚಾರ್ಜ್‌ಶೀಟ್ ಪ್ರತಿ ಆರೋಪಿಗೆ ಪುಕ್ಕಟೆ ಸಿಗುತ್ತದೆ. ವಕೀಲರು ಅದನ್ನು ಓದುವಾಗ ಪಕ್ಕದಲ್ಲಿ ಕೂತು ಊರಿನ ಓಣಿ, ಹಿತ್ತಲು, ದಾರಿ ಎಲ್ಲ ಹೇಳಿ. 2024ರ ಜುಲೈ 1ರಿಂದ ಶೋಧ, ಜಪ್ತಿಯ ವಿಡಿಯೊ ಮಾಡುವುದು ಕಡ್ಡಾಯ. ಅದನ್ನೂ ಕೇಳಿ ಪಡೆಯಬೇಕು. ಮೊದಲು ವಿಡಿಯೊ ಇರಲಿಲ್ಲ. ಜಪ್ತಿಗೆ ಸಾಕ್ಷಿಗಳಾಗಿ ಕರೆಸಿದ ಪಂಚರ ಮಾತು, ಸ್ಥಳದಲ್ಲೇ ಬರೆದು ಅವರ ಸಹಿ ಹಾಕಿಸಬೇಕಾದ ಪಂಚನಾಮೆ, ಅಷ್ಟೇ ಎಲ್ಲ.

ಇಂಥದ್ದೇ ಹಳೆಯ ಕೇಸು. ಪಂಚರೊಬ್ಬರು ಕಟಕಟೆಯಲ್ಲಿ ನಿಂತಿದ್ದರು. ಪಾಟೀ ಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಸರದಿ ನನ್ನದು. ಮೋಟರ್ ಎಲ್ಲಿ ಸಿಕ್ಕಿತು ಅಂದೆ.

“ಅವರ ಹಿತ್ತಲದಾಗ್ರೀ.”

“ಹಿತ್ತಲದಾಗ ಮತ್ತೇನಿತ್ತು? ಬಣವಿ? ಗಿಡ?”

“ನೆನಪಿಲ್ರೀ.”

“ಹಿತ್ತಲಕ್ಕ ಯಾವ ಕಡೆಯಿಂದ ಹೋದ್ರಿ?”

ಹೆಗಲ ಮೇಲಿನ ಟವೆಲ್ ಕೈಗೆ ಬಂತು. ಅದರ ತುದಿಯನ್ನೇ ಸುತ್ತುತ್ತಾ ನಿಂತರು. ಉತ್ತರವಿಲ್ಲ.

“ಪಂಚನಾಮೆಗೆ ಸಹಿ ಎಲ್ಲಿ ಮಾಡಿದ್ರಿ?”

“ಸ್ಟೇಷನ್ ಮುಂದ ಚಾದಂಗಡಿ ಐತಲ್ರೀ, ಅಲ್ಲೇ.”

ನಾನು ಇನ್ನೇನೂ ಕೇಳದೆ ಕೂತೆ.